ಬಾವುಟಗಂಬದ ಕಾರ್ಖಾನೆ ಕೊಳ್ಳಲು ಹೋದವನು

ಯಾವ ಕಾರ್ಖಾನೆಯ ಹೊಸ್ತಿಲು ದಾಟಿದರೂ ಟೋರ್ಕಿಲ್ ಬುಂಗಾರ್ಡ್ ಮೊದಲು ಕೇಳುತ್ತಿದ್ದದ್ದು ಲಾಭನಷ್ಟದ ಮಾತನ್ನಲ್ಲ, ಕಕ್ಕಸು ಎಲ್ಲಿದೆ ಎಂದು. ಮಾಲೀಕ ತನ್ನ ಕಚೇರಿಯ ಪಕ್ಕದ, ಸೋಪಿನ ಪರಿಮಳ ಸೂಸುವ ಕೋಣೆಯನ್ನು ತೋರಿಸಿದರೆ "ಅದಲ್ಲ, ಕೆಲಸದವರದ್ದು" ಎನ್ನುತ್ತಿದ್ದ. ಒಳಹೊಕ್ಕವನು ಬೇಗ ಹೊರಬರುತ್ತಿರಲಿಲ್ಲ. ಕನ್ನಡಿ ಒಡೆದಿದೆಯೇ, ಗೋಡೆಯ ಮೇಲೆ ಯಾರನ್ನು ಬೈದು ಬರೆದಿದ್ದಾರೆ, ಸೋರುವ ನಲ್ಲಿಯನ್ನು ಯಾರಾದರೂ ದುರಸ್ತಿ ಮಾಡಿದ್ದಾರೆಯೇ ಅಥವಾ ಬಕೆಟ್ ಇಟ್ಟು ಕೈತೊಳೆದುಕೊಂಡಿದ್ದಾರೆಯೇ, ಇಷ್ಟನ್ನು ನೋಡಿ ಆ ಸಂಸ್ಥೆಯ ಜಾತಕವನ್ನೇ ಓದಿದವನಂತೆ ಗಂಭೀರವಾಗಿ ಹಿಂತಿರುಗುತ್ತಿದ್ದ.

ಅವನು ನಮ್ಮ ಪಕ್ಕದ ಮನೆಯವನು. ಆರ್ಹುಸ್ ನಗರದ ದೊಡ್ಡದೊಂದು ಕಂಪನಿಯಲ್ಲಿ ಇಪ್ಪತ್ತು ವರ್ಷ ವ್ಯವಸ್ಥಾಪಕನಾಗಿ ಇನ್ನೊಬ್ಬರ ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿ, ಆ ಕಂಪನಿ ಮತ್ತೊಂದರೊಳಗೆ ಕರಗಿದಾಗ ಬೀಳ್ಕೊಡುಗೆಯ ಹೂಗುಚ್ಛದೊಂದಿಗೆ ಮನೆಗೆ ಬಂದಿದ್ದ. ಹೊಸದೊಂದನ್ನು ಹುಟ್ಟುಹಾಕುವ ಹುಮ್ಮಸ್ಸು ಅವನಲ್ಲಿರಲಿಲ್ಲ. ನಮ್ಮ ಡೆನ್ಮಾರ್ಕಿನ ತುಂಬ ಮುದಿ ಮಾಲೀಕರಿದ್ದಾರೆ, ಮಕ್ಕಳಿಗೆ ಬೇಡವಾದ ಸಣ್ಣ ಸಣ್ಣ ಉದ್ಯಮಗಳಿವೆ; ಅಂಥದ್ದೊಂದನ್ನು ಕೊಂಡು, ಸಾಯುವ ತನಕ ಮರ್ಯಾದೆಯಿಂದ ನಡೆಸಿಕೊಂಡು ಹೋಗುವುದು ಅವನ ಏಕಮಾತ್ರ ಸಂಕಲ್ಪ. ಅವನ ಮೇಲೆ ನಂಬಿಕೆಯಿದ್ದ ಕೆಲವು ಪರಿಚಿತರು ಹುಡುಕಾಟದ ಎರಡು ವರ್ಷಗಳ ಖರ್ಚನ್ನು ಹೊತ್ತರು. ಸಿಕ್ಕರೆ ಕೊಳ್ಳುವ ಹಣವನ್ನೂ ಕೂಡಿಸುವುದಾಗಿ ಒಪ್ಪಿದರು. ಆ ಅವಧಿ ಮುಗಿದರೆ ಐವತ್ತರ ಹೊಸ್ತಿಲಲ್ಲಿ ಅವನು ಬರಿಗೈಯವನು.

ಹುಡುಕಾಟಕ್ಕೆಂದೇ ಅವನೊಂದು ಕೋಟು ಹೊಲಿಸಿಕೊಂಡಿದ್ದ. ಪಾಚಿಬಣ್ಣದ್ದು, ಮೊಣಕಾಲಿನವರೆಗೆ ಇಳಿಬಿದ್ದದ್ದು, ಹೊಸದೆಂದೂ ಹಳೆಯದೆಂದೂ ಹೇಳಲಾಗದ್ದು. ಹಣವಂತನಂತೆ ಕಂಡರೆ ಬೆಲೆ ಏರುತ್ತದೆ, ಬಡವನಂತೆ ಕಂಡರೆ ಬಾಗಿಲು ಮುಚ್ಚುತ್ತದೆ ಎಂಬೆರಡು ಸಿದ್ಧಾಂತಗಳ ನಡುವೆ ಹೊಲಿದ ಬಟ್ಟೆ ಅದು. ಆ ಕೋಟಿನೊಳಗೆ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಶವಸಂಸ್ಕಾರಕ್ಕೆ ಬೇಗ ಬಂದುಬಿಟ್ಟವನ ಸಂಕೋಚದ ನಡಿಗೆಯಲ್ಲಿ ಅವನು ಯಂತ್ರಗಳ ನಡುವೆ ಸುಳಿದಾಡುತ್ತಿದ್ದ. ನಿವೃತ್ತ ಮಾಸ್ತರನಾದ ನಾನೂ ಕೆಲವು ಸಲ ಕಾರಿನಲ್ಲಿ ಜೊತೆಗಿರುತ್ತಿದ್ದೆ. ಹಿಂದಿರುಗುವ ದಾರಿಯಲ್ಲಿ ಆ ಸಂಸ್ಥೆಯ ಗುಣಗಳನ್ನು ಅವನು ಮನಸಾರೆ ಹೊಗಳುವನು. ಹೊಗಳಿ, ಗಂಟಲು ಸರಿಪಡಿಸಿಕೊಂಡು "ಆದ್ರೆ ಒಂದು ಮಾತು" ಎಂದನೆಂದರೆ ಆ ಉದ್ಯಮದ ಕಥೆ ಮುಗಿಯಿತೆಂದೇ ಅರ್ಥ.

ಕಾಲೊರಸುವ ಚಾಪೆಗಳನ್ನು ಒಗೆದು ಬಾಡಿಗೆಗೆ ಕೊಡುವ ಒಂದು ಲಾಂಡ್ರಿ ಎಲ್ಲ ವಿಧದಲ್ಲೂ ಒಪ್ಪಿಗೆಯಾಗಿತ್ತು. "ಆದ್ರೆ ಒಂದು ಮಾತು. ಅರ್ಧಕ್ಕರ್ಧ ಚಾಪೆ ಒಂದೇ ಆಸ್ಪತ್ರೆಗೆ ಹೋಗುತ್ತೆ. ಆ ಆಸ್ಪತ್ರೆಗೆ ನೆಗಡಿ ಬಂದ್ರೆ ಇವನಿಗೆ ಕ್ಷಯ." ಬೇಕರಿಗಳ ಒಲೆ ರಿಪೇರಿ ಮಾಡುವವನೊಬ್ಬ ಸಿಕ್ಕ. "ಆದ್ರೆ ಒಂದು ಮಾತು. ವ್ಯಾಪಾರವೆಲ್ಲ ಅವನ ತಲೇಲಿದೆ. ಅವನು ತಲೆ ತಗೊಂಡು ಮನೆಗೆ ಹೋದ್ರೆ ನನಗೆ ಉಳಿಯೋದು ಒಂದು ವ್ಯಾನು." ಅವನ ಮಾತು ಸುಳ್ಳಲ್ಲ, ಅವನು ಬಿಟ್ಟ ಸಂಸ್ಥೆಗಳಲ್ಲಿ ಎಷ್ಟೋ ಮುಂದೆ ಅವನು ಹೇಳಿದ ರೋಗದಿಂದಲೇ ಮುಳುಗಿದವು. ಹೆಂಡತಿ ಸೋಲ್ವೈ ಮಾತ್ರ ತಟ್ಟೆ ಒರೆಸುತ್ತ ಚುಚ್ಚುತ್ತಿದ್ದಳು: "ಮದುವೆಗೆ ಮುಂಚೆ ನನ್ನನ್ನೂ ಹೀಗೇ ಅಳೆದು ತೂಗಿದ್ದಿದ್ರೆ ನಾನಿನ್ನೂ ಅಪ್ಪನ ಮನೇಲೇ ಇರ್ತಿದ್ದೆ!" ಅವನು ನಗುತ್ತಿದ್ದ. ಎರಡನೆಯ ವರ್ಷದ ಹೊತ್ತಿಗೆ ಇಬ್ಬರೂ ನಗುವುದನ್ನು ಬಿಟ್ಟರು.

ಆಗ ಸಿಕ್ಕಿದ್ದು ಪಶ್ಚಿಮ ಜಟ್ಲ್ಯಾಂಡಿನ ಸೋಂಡರ್‌ವಾಂಗ್ ಎಂಬ ಊರಿನ ಬಾವುಟಗಂಬದ ಕಾರ್ಖಾನೆ. ಹುಟ್ಟುಹಬ್ಬಕ್ಕೂ ಮದುವೆಗೂ ಸಾವಿಗೂ ಅಂಗಳದಲ್ಲಿ ಬಾವುಟ ಏರಿಳಿಸುವ ಜನ ನಾವು; ಕಂಬಕ್ಕೆ ಗಿರಾಕಿ ತಪ್ಪುವುದಿಲ್ಲ. ಮಾಲೀಕ ಎವಾಲ್ಡ್ ಕ್ರೋಸ್‌ಗಾರ್ಡ್ ವಿಧುರ, ಮಕ್ಕಳಿಲ್ಲ. ಟೋರ್ಕಿಲ್ ತಿಂಗಳುಗಟ್ಟಲೆ ಹೋಗಿಬಂದ. ಕೆಲಸದವರ ಕಕ್ಕಸಿನ ಕಿಟಕಿಯಲ್ಲಿ ಯಾರೋ ಜೆರೇನಿಯಂ ಹೂಗಿಡ ಇಟ್ಟಿದ್ದರಂತೆ. ಅವತ್ತು ಕಾರಿನಲ್ಲಿ ಅವನು ಹೊಗಳಿದ, ಗಂಟಲು ಸರಿಪಡಿಸಿಕೊಂಡ, ಆ "ಆದ್ರೆ" ಮಾತ್ರ ಬರಲಿಲ್ಲ.

ಎವಾಲ್ಡನದು ಒಂದೇ ಷರತ್ತು. "ರುಜು ಹಾಕೋ ತನಕ ನಮ್ಮ ಜನಕ್ಕೆ ಗೊತ್ತಾಗ್ಬಾರ್ದು. ಆಮೇಲೆ ನಾನೇ ಹೇಳ್ತೀನಿ, ಎಲ್ಲರ ಜೊತೆ ಕೂತು, ನನ್ನ ಬಾಯಿಂದ. ಅಲ್ಲಿವರೆಗೆ ನೀನು ವಿಮೆಯವನು." ಹಾಗಾಗಿ ಟೋರ್ಕಿಲ್ ಅಲ್ಲಿ ವಿಮೆಯವನಾಗಿಯೇ ಓಡಾಡಿದ. ಕಂಬಗಳಿಗೆ ಬಣ್ಣ ಬಳಿಯುವ ಶೆಡ್ಡಿನ ಹಿರಿಯಳು ಗೂನ್ವೋರ್, ಅರವತ್ತರ ಗಟ್ಟಿ ಹೆಂಗಸು, ಆಗಾಗ ಕೆಣಕುತ್ತಿದ್ದಳಂತೆ: "ಏನಪ್ಪಾ, ಇಷ್ಟು ದಿನ ನೋಡೋಕೆ ನಾವೇನು ಅರಮನೆಗೆ ವಿಮೆ ಮಾಡಿಸ್ತಿದೀವಾ?"

ರುಜುವಿಗೆ ಒಂದು ವಾರವಿದೆ ಎನ್ನುವಾಗ ಎವಾಲ್ಡನಿಗೆ ಎಪ್ಪತ್ತು ತುಂಬಿತು. ಬೆಳಗಿನ ಕಾಫಿಗೆ, ಬ್ರೆಡ್ಡಿಗೆ, ಒಂದು ಗುಟುಕು ಕಹಿ ಮದ್ಯಕ್ಕೆ ಕಾರ್ಖಾನೆಯ ಪಕ್ಕದ ತನ್ನ ಮನೆಯ ಬಾಗಿಲು ತೆರೆದಿರುತ್ತದೆಂದು ಎಲ್ಲರಿಗೂ ಹೇಳಿದ್ದ. ಟೋರ್ಕಿಲ್ ಎಂದಿನಂತೆ ಎಲ್ಲರಿಗಿಂತ ಮೊದಲೇ ತಲುಪಿದ. ಬಿಸಿಲು ಬಂದಿದೆ, ಯಜಮಾನನ ಹುಟ್ಟುಹಬ್ಬ, ಅಂಗಳದ ಕಂಬ ಬೋಳಾಗಿ ನಿಂತಿದೆ! ತನ್ನ ಹುಟ್ಟುಹಬ್ಬಕ್ಕೆ ತಾನೇ ಬಾವುಟ ಏರಿಸಿಕೊಳ್ಳುವುದು ನಮ್ಮಲ್ಲಿ ನಗೆಪಾಟಲು. ಏರಿಸುತ್ತಿದ್ದ ಹೆಂಡತಿ ತೀರಿಕೊಂಡಿದ್ದಾಳೆ. ಟೋರ್ಕಿಲ್‌ನ ಕಾಲು ಶೆಡ್ಡಿನತ್ತ ತಿರುಗಿತು. ಶೆಡ್ಡಿನಲ್ಲಿ ಬಾವುಟ ಯಾವ ಕಪಾಟಿನಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು, ಆ ಕಾರ್ಖಾನೆಯಲ್ಲಿ ಅವನಿಗೆ ಗೊತ್ತಿಲ್ಲದ ಮೊಳೆಯೇ ಇರಲಿಲ್ಲ. ತಂದ, ನೆಲಕ್ಕೆ ತಾಗದಂತೆ ಬಿಡಿಸಿದ, ಮನೆಯವನೇ ಆಗಿಬಿಟ್ಟವನ ಸಂತೋಷದಿಂದ ಹಗ್ಗ ಎಳೆದ.

ಕೆಲಸದವರು ಗೇಟಿನ ತಿರುವಿನಲ್ಲಿ ಬಂದದ್ದು ಆಗಲೇ. ಎಲ್ಲರೂ ಸೇರಿ ಕೊಂಡ ಹೊಸ ಬಾವುಟ ಗೂನ್ವೋರಳ ತೋಳಿನಲ್ಲಿತ್ತು. ಹಾಡು ಹೇಳುತ್ತ ತಾವೇ ಏರಿಸಬೇಕೆಂದು ಹಿಂದಿನ ಸಂಜೆಯೇ ಮಾತಾಡಿಕೊಂಡಿದ್ದರು. ಮನೆಯವರೂ ಹತ್ತಿರದವರೂ ಅಲ್ಲದವರು, ಹೇಳಿಸಿಕೊಳ್ಳದೆ, ಇನ್ನೊಬ್ಬರ ಅಂಗಳದಲ್ಲಿ ಬಾವುಟ ಏರಿಸುವುದಿಲ್ಲ. ವಿಮೆಯವನಂತೂ ಖಂಡಿತ ಏರಿಸುವುದಿಲ್ಲ. ಗೂನ್ವೋರ್ ಮೇಲೆ ನೋಡಿದಳು, ಅವನನ್ನು ನೋಡಿದಳು.

"ಓಹೋ," ಎಂದಳು. "ಹಾಗಾದ್ರೆ ಹೊಸ ಯಜಮಾನ ನೀನೇನಾ?"

ಎವಾಲ್ಡ್ ಕಿಟಕಿಯಲ್ಲಿ ನಿಂತಿದ್ದ. ಎಲ್ಲರೂ ಒಳಗೆ ಹೋಗಿ ಹಾಡು ಹಾಡಿದರು, ಬ್ರೆಡ್ಡಿಗೆ ಬೆಣ್ಣೆ ಸವರಿದರು, ಗಾಳಿ ಪಶ್ಚಿಮಕ್ಕೆ ತಿರುಗಿದ ವಿಚಾರ ಮಾತಾಡಿದರು. ಹೊಸ ಬಾವುಟ ಕಟ್ಟಿದ ಕಾಗದದಲ್ಲೇ ಉಳಿಯಿತು. ಮೂರು ದಿನ ಬಿಟ್ಟು ಎವಾಲ್ಡನ ಫೋನು ಬಂತು. "ನೀನು ಕೆಟ್ಟವನಲ್ಲ ಕಣಯ್ಯಾ. ಆದ್ರೆ ನನ್ನ ಬಾಯಿಂದ ಬರ್ಬೇಕಾದ ಮಾತು ನಿನ್ನ ಕೈಯಿಂದ ಬಂತು. ನಾನು ಅವರಿಗೆ ಹೇಗೆ ಮುಖ ತೋರಿಸ್ಲಿ? ಬೇಡ, ಬಿಟ್ಬಿಡೋಣ." ಟೋರ್ಕಿಲ್ ಅಂದದ್ದು ಒಂದೇ ಮಾತು: "ನೀವು ಹೇಳೋದು ಸರಿ."

ಇನ್ನೊಂದು ಸಲ ಹೋಗಿ ಕೇಳು, ಕಾಲಿಗೆ ಬೀಳು ಎಂದು ಸೋಲ್ವೈ ಅತ್ತಳು. "ಬೇಡ ಅಂದವರ ಮನೆಗೆ ಮತ್ತೆ ಹೋಗೋದಾ? ನಾನೇನು ಪೊರಕೆ ಮಾರೋನಾ?" ಎಂದು ಅವನು ಮೊಟ್ಟಮೊದಲ ಬಾರಿಗೆ ದನಿಯೇರಿಸಿದ. ಅವಧಿ ಮುಗಿಯಿತು, ಪರಿಚಿತರು ಕೈಕುಲುಕಿ ಹಿಂದೆ ಸರಿದರು. ಆಮೇಲೆ ಅವನಿಗೆ ಸಿಕ್ಕ ಕೆಲಸವೆಂದರೆ, ದಿವಾಳಿಯೆದ್ದ ಕಾರ್ಖಾನೆಗಳಿಗೆ ಹೋಗಿ ಹರಾಜಿನವರ ಪರವಾಗಿ ಸಾಮಾನುಗಳಿಗೆ ಬೆಲೆ ಕಟ್ಟುವುದು. ಬದುಕಿದ್ದ ಸಂಸ್ಥೆಗಳ ನಾಡಿ ಹಿಡಿದವನು ಸತ್ತವುಗಳ ಮೈತೊಳೆಯುವವನಾದ. ಸೋಲ್ವೈ ಈಗ ಚುಚ್ಚುವುದಿಲ್ಲ. ತಟ್ಟೆ ಒರೆಸಿ ಎತ್ತಿಡುತ್ತಾಳೆ, ಅಷ್ಟೆ.

ಮೊನ್ನೆ ವಸಂತದಲ್ಲಿ ಅವನನ್ನು ಸೋಂಡರ್‌ವಾಂಗ್‌ಗೆ ಕಳಿಸಿದರು. ಎವಾಲ್ಡ್ ಚಳಿಗಾಲದಲ್ಲಿ ತೀರಿಕೊಂಡಿದ್ದ, ಕೊಳ್ಳುವವರು ಮತ್ತೆ ಯಾರೂ ಬಂದಿರಲಿಲ್ಲ. ಒಬ್ಬನೇ ಹೋಗಲಾರೆ ಎಂದು ಟೋರ್ಕಿಲ್ ನನ್ನನ್ನು ಕರೆದ. ತಣ್ಣಗಾದ ಬಣ್ಣದ ಶೆಡ್ಡಿನಲ್ಲಿ ಗೂನ್ವೋರ್ ಕೀಲಿ ಹಿಡಿದು ಕಾಯುತ್ತಿದ್ದಳು. ಅವನು ಒಂದೊಂದೇ ಯಂತ್ರದ ಬೆಲೆ ಹೇಳುತ್ತ ಹೋದ, ನಾನು ಬರೆದುಕೊಂಡೆ. ಕೊನೆಗೆ ಅವಳೇ ಬಾಯಿಬಿಟ್ಟಳು.

"ಯಾಕೋ ನೀನು ಮತ್ತೆ ಬರ್ಲೇ ಇಲ್ಲ?"

"ಬೇಡ ಅಂದಿದ್ರು. ನಿಮಗೆಲ್ಲ ಬೇಜಾರಾಗಿತ್ತಲ್ಲ."

"ನಮಗಾ?" ಅವಳು ಬೆಪ್ಪಾಗಿ ನೋಡಿದಳು. "ನಾವು ಮಧ್ಯಾಹ್ನದ ಹೊತ್ತಿಗೆ ಅದನ್ನೇ ಹೇಳ್ಕೊಂಡು ನಗ್ತಿದ್ವಿ. ಸದ್ಯ, ಬಾವುಟ ಏರಿಸೋಕೆ ಗೊತ್ತಿರೋನು ಸಿಕ್ಕಿದ್ನಲ್ಲ ಅಂತ. ಯಜಮಾನ್ರಿಗೇ ಸಂಕೋಚ, ನಮ್ಮನ್ನ ಕೇಳ್ಲೇ ಇಲ್ಲ. ನಾವೂ ಹೇಳ್ಲಿಲ್ಲ. ಅವರು ಆ ಬೇಸಿಗೆಯೆಲ್ಲ ಗೇಟಿನ ಕಡೆಗೇ ನೋಡ್ತಾ ಕೂತಿರ್ತಿದ್ರು ಮಾರಾಯ. ಇನ್ನೊಂದು ಸಲ ಕೇಳ್ತಾನೆ ಅಂತಲೇ ನಂಬಿದ್ರು."

ಟೋರ್ಕಿಲ್ ಯಂತ್ರದ ಮೇಲೆ ಕೈಯೂರಿ ನಿಂತ. ಹೊರಗೆ ಬಂದು ಕಾರಿನಲ್ಲಿ ಕೂತವನು ಮಗುವಿನಂತೆ ಅತ್ತ.

ಲೋಕದಲ್ಲಿ ಇಂಥವರ ಒಂದು ಕುಲವೇ ಇದೆ. ಪರರ ಸೊತ್ತಿನ ಮೌಲ್ಯವನ್ನು ಅವರಷ್ಟು ಬಲ್ಲವರಿಲ್ಲ, ಅದನ್ನು ಅವರಷ್ಟು ಪ್ರೀತಿಸುವವರೂ ಇಲ್ಲ. ಸೋರುವ ನಲ್ಲಿಯಿಂದ ಹಿಡಿದು ಮುಳುಗುವ ಗಿರಾಕಿಯವರೆಗೆ ಸಕಲ ದೋಷಗಳನ್ನೂ ಅವರು ಮುಂಗಾಣುತ್ತಾರೆ. ಮನುಷ್ಯನ 'ಬೇಡ' ಎಂಬ ಮಾತೊಂದನ್ನು ಮಾತ್ರ ಪರೀಕ್ಷಿಸದೆ, ಹೇಳಿದ ಬೆಲೆಗೇ ಒಪ್ಪಿಕೊಂಡುಬಿಡುತ್ತಾರೆ. ನಾಚಿಕೆಗೆಟ್ಟವರು ಹಾಳುಮಾಡಿದ ಮನೆಗಳ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಎರಡನೆಯ ಸಲ ಬಾಗಿಲು ತಟ್ಟಲು ನಾಚಿದ ಸಂಭಾವಿತರಿಂದ ಬೀಗ ಬಿದ್ದ ಮನೆಗಳು ಅದಕ್ಕಿಂತ ಹೆಚ್ಚು, ಮತ್ತು ಅವುಗಳೊಳಗೆ ಯಾರೋ ಕೊನೆಯ ತನಕ ಕಾಯುತ್ತಲೇ ಇದ್ದರು.