ಹತ್ತು ಸೆಕೆಂಡಿನ ಆಚೆಯವರು

ಮೂರು ಸೋಮವಾರ ಸತತವಾಗಿ ಅಮ್ಮ ಫೋನ್ ಮಾಡಿ ನನ್ನ ತಲೆ ತಿಂದಳು. "ನಿಮ್ಮ ಆಸ್ಪತ್ರೆ ಪೇಜು ತೆರೆಯೋದೇ ಇಲ್ಲ ಕಣೇ!" ಕಣ್ಣಿನ ಪೊರೆ ತೆಗೆಸೋಕೆ ದಿನ ಸಿಗೋದು ಸೋಮವಾರ ಬೆಳಿಗ್ಗೆ ಹತ್ತಕ್ಕೆ, ನಮ್ಮ ವೆಬ್‌ಸೈಟಲ್ಲಿ ಮಾತ್ರ, ಅದೂ ರೋಗಿಯ ಫೋನಿಂದಲೇ. ಹತ್ತು ನಿಮಿಷದಲ್ಲಿ ಎಲ್ಲ ಭರ್ತಿ. ಅಮ್ಮನ ಎಡಗಣ್ಣು ಆಗಲೇ ಹೋದಂಗೇ, ಬಲಗಣ್ಣೂ ಮಂಜಾಗ್ತಿತ್ತು.

ಆ ಪೇಜು ಎಷ್ಟು ಬೇಗ ತೆರೆಯುತ್ತೆ ಅಂತ ಅಳೆಯೋದೇ ನನ್ನ ಕೆಲಸ. ಆಫೀಸಿನ ಗೋಡೆ ಮೇಲಿನ ಪರದೆಯಲ್ಲಿ ಸರಾಸರಿ ಎರಡು ಸೆಕೆಂಡು, ಯಾವಾಗಲೂ ಹಸಿರು. "ಪೇಜು ಸರಿಯಾಗೇ ಇದೆಯಮ್ಮಾ, ನಿನ್ನ ಬೆರಳೇ ನಿಧಾನ," ಅಂತ ರೇಗಿದೆ. ಫೋನ್ ಇಟ್ಟುಬಿಟ್ಟೆ.

ನಾಲ್ಕನೇ ಸೋಮವಾರ ರಜೆ ಹಾಕಿ ಪಕ್ಕದಲ್ಲೇ ಕೂತೆ, ಎಲ್ಲಿ ತಪ್ಪು ಮಾಡ್ತಾಳೋ ನೋಡೇಬಿಡೋಣ ಅಂತ. ಹತ್ತಕ್ಕೆ ಸರಿಯಾಗಿ ಒತ್ತಿದಳು. ಫೋನೆಲ್ಲ ಬಿಳಿ, ನಡುವೆ ಒಂದು ಚಕ್ರ ಗಿರಗಿರ. ಅಮ್ಮ ಮೆಲ್ಲಗೆ ಎಣಿಸ್ತಿದ್ದಳು. "ಮೂವತ್ತೆಂಟು, ಮೂವತ್ತೊಂಬತ್ತು... ಈಗ ನಿಂತೋಗುತ್ತೆ ನೋಡು." ನಿಂತೇ ಹೋಯ್ತು! ಹನ್ನೊಂದು ಸಲ ಒತ್ತಿದ್ವಿ. ಕೊನೆಗೆ ತೆರೆದಾಗ ಎಲ್ಲ ಭರ್ತಿಯಾಗಿತ್ತು.

ನನಗೆ ಮೈಯೆಲ್ಲ ಉರಿದುಹೋಯ್ತು. ಇಷ್ಟಾದರೂ ಆ ದರಿದ್ರ ಪರದೆ ಹಸಿರಾಗೇ ಇರೋದು ಹೇಗೆ? ಸೀದಾ ಆಫೀಸಿಗೆ ಓಡಿ ಅಳತೆಯ ನಿಯಮಗಳನ್ನೆಲ್ಲ ಜಾಲಾಡಿದೆ. ಸಿಕ್ಕಿತು: ಹತ್ತು ಸೆಕೆಂಡು ದಾಟಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡ. ಇದನ್ನ ಬರೆದ ಪುಣ್ಯಾತ್ಮ ಯಾರಪ್ಪಾ ಅಂತ ನೋಡಿದರೆ ನಾನೇ. ಗ್ರಾಫು ನೋಡೋಕೆ ಅಸಹ್ಯವಾಗಿದೆ ಅಂತ ಹೋದ ವರ್ಷ ಮ್ಯಾನೇಜರ್ ದಿನಾ ಗೊಣಗ್ತಿದ್ದರು. ಹಾಳು ಫೋನಿನವರದ್ದೆಲ್ಲ ಬಿಟ್ಟರೆ ಈ ಕಾಟ ತಪ್ಪುತ್ತೆ ಅಂತ ಸೇರಿಸಿದ್ದೆ. ಕೂತಲ್ಲೇ ನಾಚಿಕೆ ಆಯ್ತು.

ಆ ಸಾಲು ಅಳಿಸಿದೆ. ಗೋಡೆ ಮೇಲೆ ಬೆಳಿಗ್ಗೆ ಹತ್ತರ ಸರಾಸರಿ ಮೂವತ್ತೊಂದು ಸೆಕೆಂಡು, ಕಡುಕೆಂಪು. ಮ್ಯಾನೇಜರ್ ಓಡಿಬಂದರು. "ಏನ್ರೀ ಹಾಳು ಮಾಡಿದ್ರಿ?"

"ಹಾಳು ಮಾಡಿದ್ದು ಹೋದ ವರ್ಷ ಸರ್, ಕಾಣಿಸಿದ್ದು ಇವತ್ತು. ಮುಂದಿನ ಸೋಮವಾರದೊಳಗೆ ಪೇಜು ಸರಿಯಾಗಬೇಕು, ಅಲ್ಲೀವರೆಗೆ ಇದನ್ನ ಹಸಿರು ಮಾಡಲ್ಲ."

ಅವರು ಬಾಯಿ ತೆರೆಯೋದರೊಳಗೆ ಎದ್ದು ಹೋಗಿ ಅಮ್ಮನಿಗೆ ಫೋನ್ ಮಾಡಿದೆ. "ತಪ್ಪು ನಿಂದಲ್ಲಮ್ಮ, ನಂದು."

"ಹೌದೇನೇ?" ಅಂದಳು, ಎದೆಭಾರ ಇಳಿದವಳ ಹಾಗೆ. "ನೀನು ಬೈದ ಮೇಲೆ ವಾರವೆಲ್ಲ ಬೆರಳು ಬೇಗ ಆಡಿಸೋದನ್ನ ಅಭ್ಯಾಸ ಮಾಡ್ತಿದ್ದೆ ಕಣೇ."