ತೊಳೆದವನ ಸಾಕ್ಷಿ

ಮಸೂದ ಆ ಕಾಗದವನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಮೂರು ದಿನ ಅಲೆದ. ಅಣ್ಣನ ಮನೆ ಅವನ ಮನೆಯಿಂದ ಎಷ್ಟು ದೂರ ಅಂತೀರಿ? ನಡುವೆ ಒಂದು ಗೋಡೆ, ಅಷ್ಟೇ. ಈ ಮನೆಯ ಒಗ್ಗರಣೆಗೆ ಆ ಮನೆಯವರು ಸೀನುವಷ್ಟು ಹತ್ತಿರ. ಆದರೂ ಅಲ್ಲಿಗೆ ಹೋಗಲು ಅವನ ಕಾಲು ಏಳಲಿಲ್ಲ.

ಕಾಗದ ಕೊಟ್ಟವನು ಶಾಹಿದ ಸಾಹುಕಾರ. ಭೂಸನೂರಿನ ಕಾರ್ಖಾನೆಗೆ ಕಬ್ಬು ಸಾಗಿಸುವ ಮೂರು ಟ್ರ್ಯಾಕ್ಟರುಗಳ ಮಾಲೀಕ. ಮಸೂದ ಆ ಟ್ರ್ಯಾಕ್ಟರುಗಳ ಮಿಸ್ತ್ರಿ. ಮಸೂದನ ಅಣ್ಣ ಸಿಕಂದರನೂ ಅಲ್ಲೇ ದುಡಿಯುತ್ತಿದ್ದ. ಕಬ್ಬು ತುಂಬಿದ ಟ್ರಾಲಿಯ ಹಿಂದೆ ನಡೆಯುವುದು ಅವನ ಕೆಲಸ. ಏರುದಾರಿಯಲ್ಲಿ ಟ್ರ್ಯಾಕ್ಟರು ಉಸಿರುಗಟ್ಟಿ ನಿಂತರೆ ಓಡಿಹೋಗಿ ಟ್ರಾಲಿಯ ಹಿಂದಿನ ಗಾಲಿಗೆ ಕಲ್ಲು ಕೊಡಬೇಕು. ಇಲ್ಲವಾದರೆ ಅಷ್ಟೂ ಕಬ್ಬು ಟ್ರ್ಯಾಕ್ಟರನ್ನೂ ಎಳೆದುಕೊಂಡು ಹಿಂದಕ್ಕೆ ಹೊರಳುತ್ತದೆ. ಹದಿನಾಲ್ಕು ವರ್ಷ ಸಿಕಂದರ ಮಾಡಿದ್ದು ಅದೊಂದೇ ಕೆಲಸ. ಹೆಂಡತಿ ನಜಮುನ್ನಿಸಾ ದಿನಾ ಬೆಳಿಗ್ಗೆ ರೊಟ್ಟಿಯ ಗಂಟು ಕೈಗಿಡುತ್ತ, "ಗಾಲಿ ಹೊರಳಿದ್ರ ಕಲ್ಲ ಬಿಟ್ಟು ಓಡ್ರಿ" ಎನ್ನುವಳು. "ಓಡ್ತೇನಿ ಬೇ" ಎನ್ನುವನು ಅವನು. ಗೋಡೆಯ ಈಚೆ ಹಲ್ಲುಜ್ಜುತ್ತ ನಿಂತ ಮಸೂದನಿಗೆ ಇದು ಎಷ್ಟು ಸಲ ಕೇಳಿಸಿತ್ತೋ ಲೆಕ್ಕವಿಲ್ಲ.

ಜನವರಿಯ ಒಂದು ಗುರುವಾರ ಸಂಜೆ ಜಿಡಗಾ ದಾರಿಯ ಏರಿನಲ್ಲಿ ಸಿಕಂದರ ಸತ್ತ. ಆಗ ಅಲ್ಲಿದ್ದವನು ಶಾಹಿದನ ಸೋದರಳಿಯ ಒಬ್ಬನೇ. ಶಾಹಿದ ತನ್ನ ಜೀಪಿನಲ್ಲೇ ಹೆಣ ತಂದು ಮನೆ ಮುಂದೆ ಇಳಿಸಿದ. ಸಿಕಂದರ ಹಟ ಹಿಡಿದು ತಾನೇ ಟ್ರ್ಯಾಕ್ಟರು ನಡೆಸಲು ಕೂತನಂತೆ, ಅದು ತಗ್ಗಿಗೆ ಉರುಳಿ ಅವನು ಅಡಿಯಲ್ಲಿ ಸಿಕ್ಕನಂತೆ. "ದವಾಖಾನಿಗೆ ಒಯ್ದ್ರ ಕೊಯ್ತಾರ. ನಾಳಿ ಜುಮ್ಮಾ ಅದ, ಪಾಕ್ ದಿನ. ಮಣ್ಣು ಮಾಡೋಣು" ಎಂದ. ಅಳುವ ಮನೆಯಲ್ಲಿ ಯಾರು ಪ್ರಶ್ನೆ ಕೇಳುತ್ತಾರೆ? ಪೊಲೀಸರಿಗೆ ಒಂದು ಮಾತು ತಿಳಿಸಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ. ಶುಕ್ರವಾರ ನಮಾಜಿನ ಬೆನ್ನಿಗೇ ದಫನ ಮುಗಿಯಿತು. ಹೆಂಗಸರಿಗೆ ಕೊನೆಗೆ ತೋರಿಸಿದ್ದು ಮುಖ ಮಾತ್ರ. ಆ ಮುಖದ ಮೇಲೆ ಒಂದು ಗೀರೂ ಇರಲಿಲ್ಲ.

ಮೈ ನೋಡಿದವರು ಇಬ್ಬರೇ. ಶುಕ್ರವಾರ ಬೆಳಿಗ್ಗೆ ಮಯ್ಯತ್ತಿಗೆ ಗುಸ್ಲ್ ಕೊಟ್ಟ, ಅಂದರೆ ಹೆಣ ತೊಳೆದ ಮಸೂದ ಮತ್ತು ಫಯಾಜಸಾಬರು. ಊರಿನಲ್ಲಿ ನಲವತ್ತು ವರ್ಷಗಳಿಂದ ಸತ್ತವರನ್ನು ತೊಳೆದ ಕೈ ಫಯಾಜಸಾಬರದು. ಮಗ್ಗುಲು ಹೊರಳಿಸಿ ನೀರು ಹಾಕುವಾಗ ಮಸೂದ ಅಣ್ಣನ ಬೆನ್ನು ನೋಡಿದ. ನೋಡಿ ಕೈಯ ಚೊಂಬು ನೆಲಕ್ಕಿಟ್ಟ. ಫಯಾಜಸಾಬರು ತಲೆ ಎತ್ತದೆಯೇ, "ತೊಳದವ್ರು ಕಂಡದ್ದು ಹೊರಗ ಹೇಳಬಾರದು, ಬೇಟಾ. ನೀರ ಹಾಕು" ಎಂದರು. ಅವನು ಹಾಕಿದ. ಆವತ್ತಿನಿಂದ ಆ ಮಾತು ಅವನ ಬಾಯಿಗೆ ಬೀಗ ಜಡಿದಿತ್ತು. ಬೀಗ ಅವನಿಗೆ ಅನುಕೂಲವಾಗಿಯೂ ಇತ್ತು, ಸುಳ್ಳೇಕೆ ಹೇಳಬೇಕು? ಹೆಂಡತಿ ಗುಲನಾಜ ಹೆರಿಗೆಗೆಂದು ಜೇವರ್ಗಿಯ ತವರಿಗೆ ಹೋಗಿದ್ದಳು. ಇಂಥ ಹೊತ್ತಿನಲ್ಲಿ ಶಾಹಿದನ ಕೆಲಸ ಕಳೆದುಕೊಂಡರೆ ಮುಂದೇನು ಎಂದು ಯೋಚಿಸುವಷ್ಟು ಬುದ್ಧಿ ಅವನಿಗಿತ್ತು.

ಎಲ್ಲವೂ ಹಾಗೇ ಮಣ್ಣಾಗುತ್ತಿತ್ತೇನೋ. ಆದರೆ ಸಿಕಂದರನ ಮಗಳು ಫರಹೀನ ಇದ್ದಳಲ್ಲ, ಪಿಯುಸಿ ಓದುವ ಹುಡುಗಿ. ಅವಳು ಒಂದು ದಿನ ಕಾಲೇಜಿನಿಂದ ನೇರ ಆಳಂದ ಕೋರ್ಟಿನ ಆವರಣಕ್ಕೆ ಹೋಗಿ, ಕಾನೂನು ಸೇವಾ ಸಮಿತಿಯ ಬೋರ್ಡು ಓದಿ ಒಳಗೆ ಹೊಕ್ಕಳು. ಅಲ್ಲಿಂದ ವಿಜಯಶ್ರೀ ಎಂಬ ಕಾರ್ಯಕರ್ತೆಯನ್ನು ಮನೆಗೆ ಕರೆತಂದಳು. ಸಿಕಂದರ ಸತ್ತದ್ದು ಹೇಗೆಂದು ವಿಚಾರಿಸಬೇಕೆಂದು ನಜಮುನ್ನಿಸಾಳ ಹೆಸರಿನಲ್ಲಿ ಪೊಲೀಸರಿಗೆ ದೂರು ಹೋಯಿತು. ಅದರ ಮರುದಿನವೇ ಶಾಹಿದ ಈ ಕಾಗದ ಬರೆಸಿ ತಂದದ್ದು.

"ನೀ ಮನಿ ಗಂಡಸು. ಸಹಿ ಮಾಡು, ಭಾಭಿಯ ಹೆಬ್ಬಟ್ಟ ಒತ್ತಿಸು" ಎಂದಿದ್ದ ಮಸೂದನಿಗೆ. "ದೂರು ಹಿಂದ ತಗೊಳ್ಳದಿದ್ರ ಪೊಲೀಸ್ರು ಗೋರಿ ಅಗೀತಾರ, ನೋಡು. ನಿನ್ನ ಅಣ್ಣನ್ನ ಮತ್ತ ಹೊರಗ ತೆಗೀತಾರ. ಅದು ಬೇಕೇನು ನಿನಗ?" ಕೊನೆಗೆ ಹೆಗಲ ಮೇಲೆ ಕೈಯಿಟ್ಟು, "ನಿನ್ನ ನೌಕರಿಗೆ ಏನೂ ಆಗಂಗಿಲ್ಲ" ಎಂದ. ಯಾರೂ ಕೇಳದೆ ಇದ್ದಾಗ ಅಂಥ ಮಾತು ಯಾಕೆ ಬರುತ್ತದೆ ಎಂಬುದು ಮಸೂದನಿಗೆ ತಿಳಿಯದ್ದೇನಲ್ಲ.

ನಾಲ್ಕನೆಯ ದಿನ ಅವನು ಹೋದ. ನಜಮುನ್ನಿಸಾ ಇದ್ದತ್ತಿನಲ್ಲಿದ್ದಳು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಡುವಂತಿಲ್ಲ, ಮೈದುನನ ಎದುರಿಗೂ ಬರುವಂತಿಲ್ಲ. ನಡುಬಾಗಿಲಿಗೆ ಹಳೆಯ ಹೂವಿನ ಚಾದರ ಕಟ್ಟಿದ್ದರು. ಅದರ ಆಚೆ ಅವಳು, ಈಚೆ ಚಾಪೆಯ ಮೇಲೆ ಮಸೂದ. ವಿಜಯಶ್ರೀಯೂ ಆ ಹೊತ್ತಿಗೆ ಅಲ್ಲೇ ಇದ್ದಳು. ಫರಹೀನ ಅವನ ಕೈಯಿಂದ ಕಾಗದ ತೆಗೆದುಕೊಂಡು ಅಮ್ಮನಿಗೆ ಕೇಳುವಂತೆ ಓದಿದಳು. ಟ್ರ್ಯಾಕ್ಟರನ್ನು ಸಿಕಂದರನೇ ಲೈಸೆನ್ಸ್ ಇಲ್ಲದೆ ನಡೆಸುತ್ತಿದ್ದ, ತಪ್ಪು ಅವನದೇ, ನಮಗೆ ಯಾರ ಮೇಲೂ ತಕರಾರಿಲ್ಲ.

ಚಾದರದ ಆಚೆಯಿಂದ ನಜಮುನ್ನಿಸಾ ಕೇಳಿದಳು. "ಮಸೂದ ಭಾಯಿ, ಅವ್ರಿಗೆ ಸೈಕಲ್ ಹೊಡಿಯಾಕ ಬರ್ತಿತ್ತೇನು?"

ಬರುತ್ತಿರಲಿಲ್ಲ. ಸಣ್ಣವರಿದ್ದಾಗ ಕಲಿಸಲು ಹೋಗಿ ಇಬ್ಬರೂ ಹುಣಸೆಮರಕ್ಕೆ ಗುದ್ದಿಕೊಂಡಿದ್ದರು. ಮಸೂದ ವಿಜಯಶ್ರೀಯ ಕಡೆ ತಿರುಗಿ, "ಇದ್ದತ್ತಿನಾಗಿದ್ದ ಹೆಣ್ಮಗಳು ಠಾಣೆಗೆ ಹ್ಯಾಂಗ ಬರ್ತಾಳ್ರಿ? ಆಕಿ ಪರವಾಗಿ ನಾನಽ ಸಹಿ ಮಾಡಿ ಮುಗಸ್ತೇನಿ" ಎಂದ.

"ನಿಮ್ಮ ಸಹಿಗೆ ಇದರಾಗ ಕಿಮ್ಮತ್ತಿಲ್ರಿ ಅಣ್ಣಾರ" ಎಂದಳು ವಿಜಯಶ್ರೀ, ಮೆತ್ತಗೆ, ಆದರೆ ಅಳುಕದೆ. "ಪರಿಹಾರ ಕೇಳೋ ಹಕ್ಕು ಹೆಂಡ್ತಿದು, ಮಗಳದು. ಅವ್ರ ಹಕ್ಕು ನೀವು ಬಿಟ್ಟುಕೊಡಾಕ ಬರಂಗಿಲ್ಲ. ಇನ್ನ ಹೇಳಿಕಿ ಮಾತು. ಹೆಣ್ಮಗಳನ್ನ ಪೊಲೀಸ್ರು ಠಾಣೆಗೆ ಕರಿಯಂಗಿಲ್ಲ, ಕಾನೂನಽ ಹಂಗದ. ಅವರಽ ಮನಿಗೆ ಬರ್ಬೇಕು. ಇವ್ರು ಪರದೆದ ಹಿಂದ ಕುಂತು ಹೇಳ್ಲಿ, ಬರಕೊಂಡು ಹೋಗ್ತಾರ. ವಕೀಲ್ರನ್ನ ಸಮಿತಿ ಪುಕ್ಕಟ ಕೊಡ್ತದ. ಅರ್ಜಿ ಮಾತ್ರ ಆರು ತಿಂಗಳೊಳಗ ಹಾಕ್ಬೇಕು, ಈಗಾಗಲೇ ಮೂರು ದಾಟ್ಯಾವ."

ಮಸೂದನಿಗೆ ಮುಖಕ್ಕೆ ಹೊಡೆದಂತಾಯಿತು. ಮನೆಯ ಗಂಡಸು ತಾನು, ತನ್ನ ಒಂದು ಸಹಿಯಲ್ಲಿ ಎಲ್ಲ ಅಡಗಿದೆ ಎಂದುಕೊಂಡಿದ್ದ. ಇದ್ದತ್ತು ಎಂದರೆ ಭಾಭಿಯ ಬಾಯಿಯೂ ಮುಚ್ಚಿದಂತೆ ಎಂದು ಲೆಕ್ಕ ಹಾಕಿದ್ದ. ಈಗ ನೋಡಿದರೆ ಕಾನೂನೇ ಚಪ್ಪಲಿ ಬಿಟ್ಟು ಅವಳ ಹೊಸ್ತಿಲಿಗೆ ಬರುತ್ತದಂತೆ.

"ತೊಡಕು ಒಂದಽ ಅದ" ಎಂದಳು ವಿಜಯಶ್ರೀ. "ಪೋಸ್ಟ್‌ಮಾರ್ಟಂ ಆಗಿಲ್ಲ. ಅವ್ರು ಹ್ಯಾಂಗ ಸತ್ರು ಅಂತ ಹೇಳಾಕ ಮೈ ನೋಡಿದವ್ರು ಬೇಕು. ಯಾರೂ ಬಾಯಿ ಬಿಡದಿದ್ರ ಗೋರಿ ತೆಗಿಯೋದೊಂದಽ ದಾರಿ ಉಳಿತದ."

ಚಾದರ ಸ್ವಲ್ಪ ಅಲುಗಿತು. ಭಾಭಿ ಈಗ ತನ್ನನ್ನು ಕೇಳುತ್ತಾಳೆ ಎಂದು ಮಸೂದ ಕಾದು ಕುಳಿತ. ಕೇಳಲಿಲ್ಲ. "ಭಾಯಿಗೆ ಚಾ ಮಾಡು ಫರಹೀನ" ಎಂದಳು, ಅಷ್ಟೇ. ಅವನು ಕಾಗದ ಮಡಚಿ ಜೇಬಿಗಿಟ್ಟು, ಚಹಾ ಕುಡಿಯದೆ ಎದ್ದ. ಅವಳು ಕೇಳಿ ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದನೇನೋ, ಆ ಚಹಾದ ಮಾತನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಅಲ್ಲಿಂದ ನೇರ ಮಸೀದಿಗೆ ಹೋದ. ಫಯಾಜಸಾಬರು ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂ ಕಟ್ಟೆಯ ಮೇಲೆ ಕುಳಿತು ಕೀಲು ಸಡಿಲಾದ ಬಕೆಟ್ಟಿನ ಹಿಡಿಕೆಗೆ ತಂತಿ ಸುತ್ತುತ್ತಿದ್ದರು. ಮಸೂದ ಪಕ್ಕದಲ್ಲಿ ಕೂತ.

"ಸಾಬ್, ಆವತ್ತು ನೀವು ಹೇಳಿದ್ರಿ. ತೊಳದವ್ರು ಹೇಳಬಾರದು ಅಂತ."

"ಹೇಳಿದ್ದೆ."

"ಸಿಕಂದರಭಾಯಿಯ ಬೆನ್ನಿನ ಮಾತೂ ಅದರಾಗ ಬರ್ತದೇನ್ರಿ?"

ಮುದುಕ ತಂತಿ ಕೆಳಗಿಟ್ಟರು. "ಸತ್ತವನ ಐಬು ಮುಚ್ಚಬೇಕು, ಅದಕ್ಕಽ ಆ ಮಾತು. ಮೈಮ್ಯಾಲೆ ಏನರ ರೋಗ ಇರ್ತದ, ಕುರೂಪ ಇರ್ತದ, ಅದನ್ನ ಊರ ತುಂಬ ಸಾರಿ ಅವನ ಮಾನ ಕಳಿಬಾರದು. ನಿಮ್ಮ ಅಣ್ಣನ ಬೆನ್ನಮ್ಯಾಲೆ ಇದ್ದದ್ದು ಅವನ ಐಬೇನು?" ಮುದುಕ ತಾವೇ ಮುಂದುವರಿಸಿದರು. "ನಾನೂ ಮೂರು ತಿಂಗಳಿಂದ ನಿದ್ದಿ ಮಾಡಿಲ್ಲ ಬೇಟಾ. ನೀ ಒಡಹುಟ್ಟಿದವ, ನೀನಽ ಸುಮ್ಮ ಇದ್ದಿ, ನಾ ಯಾರು ಹೇಳಾಕ ಅಂತ ಸುಮ್ಮ ಕುಂತೆ. ತಪ್ಪು ನನದೂ ಅದ. ನೀ ಮೊದಲ ಹೇಳು, ನಾ ನಿನ್ನ ಹಿಂದ ಹೇಳ್ತೇನಿ."

ಮಸೂದ ತಲೆ ತಗ್ಗಿಸಿ ಅತ್ತ. ಮಣ್ಣು ಕೊಟ್ಟ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಎಎಸ್ಐ ಶಂಕರಲಿಂಗ ಒಬ್ಬ ಮಹಿಳಾ ಪೇದೆಯೊಂದಿಗೆ ಬಂದರು. ಬೂಟು ಹೊರಗೆ ಬಿಟ್ಟು ಚಾಪೆಯ ಮೇಲೆ ಕೂತರು. ನಜಮುನ್ನಿಸಾ ಚಾದರದ ಹಿಂದಿನಿಂದ ತನಗೆ ಗೊತ್ತಿದ್ದಷ್ಟು ಹೇಳಿದಳು. ಅವಳಿಗೆ ಗೊತ್ತಿದ್ದದ್ದು ಎಷ್ಟು? ಬೆಳಿಗ್ಗೆ ರೊಟ್ಟಿ ಕಟ್ಟಿಕೊಟ್ಟದ್ದು, ಮರುದಿನ ಮುಖ ನೋಡಿದ್ದು. ಶಾಹಿದ ಬಾಗಿಲ ಹೊರಗೆ ನಿಂತಿದ್ದ, ಜಾತಿಬಾಂಧವನಾಗಿ ಧೈರ್ಯ ಹೇಳಲು ಬಂದವನಂತೆ. ಅವನ ಕಣ್ಣು ಮಸೂದನ ಜೇಬಿನ ಮೇಲೇ ಇತ್ತು.

ಮಸೂದ ಜೇಬಿನಿಂದ ಕಾಗದ ತೆಗೆದ. ಬಿಚ್ಚಿ ಶಂಕರಲಿಂಗರ ಮುಂದಿಟ್ಟ.

"ಇದು ಸುಳ್ಳದ ರೀ" ಎಂದ. "ಇದನ್ನ ನನಗ ಸಹಿ ಮಾಡಂತ ಕೊಟ್ಟಾರ, ನಾ ಮಾಡಂಗಿಲ್ಲ. ನಾ ಮಯ್ಯತ್ ತೊಳದವ. ನಾ ಹೇಳ್ತೇನಿ, ಬರಕೋರಿ."

ಹೊರಗೆ ಶಾಹಿದ ಕೆಮ್ಮಿದ. ಮಸೂದ ತಿರುಗಿ ನೋಡಲಿಲ್ಲ. ನೋಡಿದರೆ ನಾಲಿಗೆ ಹೊರಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ಟ್ರ್ಯಾಕ್ಟರಿನ ದೊಡ್ಡ ಟೈರಿಗೆ ಗೆರಿ ಓರೆ ಇರ್ತಾವ್ರಿ. ಟ್ರಾಲಿ ಟೈರಿಗೆ ನೆಟ್ಟಗ ಇರ್ತಾವ. ಅಣ್ಣನ ಬೆನ್ನಮ್ಯಾಲೆ, ಎಡಗಡೆ ಭುಜದಿಂದ ಸೊಂಟದ ಮಟ ಬಿದ್ದಿದ್ದು ನೆಟ್ಟಗಿನ ಗೆರಿ. ನಡುವ ಒಂದು ಕಡೆ ಅಂಗೈಯಷ್ಟು ಗೆರಿನೇ ಇದ್ದಿದ್ದಿಲ್ಲ, ಸಪಾಟ ಇತ್ತು. ಆ ಟ್ರಾಲಿಯ ಹಿಂದಿನ ಎಡಗಾಲಿ ಹರಿದಿತ್ತು, ಡಿಸೆಂಬರಿನಾಗ ನಾನಽ ಅದಕ್ಕ ತ್ಯಾಪಿ ಹಾಕಿದ್ದೆ. ನನ್ನ ಕೈ ತ್ಯಾಪಿ ನನಗ ಗುರುತ ಸಿಗಂಗಿಲ್ಲೇನ್ರಿ? ಟ್ರ್ಯಾಕ್ಟರ್ ಮ್ಯಾಲೆ ಕುಂತು ನಡಸಾವ ಟ್ರಾಲಿ ಹಿಂದಿನ ಗಾಲಿಗೆ ಹ್ಯಾಂಗ ಸಿಗ್ತಾನ? ನಡಸಿದವ ಬ್ಯಾರೆ. ಅಣ್ಣ ಹಿಂದ ಬಗ್ಗಿ ಕಲ್ಲು ಕೊಡಾಕತ್ತಿದ್ದ. ಗಾಲಿ ಹಿಂದ ಹೊರಳ್ಯಾದ."

ಶಂಕರಲಿಂಗ ಬರೆಯುವುದು ನಿಲ್ಲಿಸಿದರು. "ಮೂರು ತಿಂಗಳು ಯಾಕ ಸುಮ್ಮನಿದ್ದಿ?"

"ತೊಳದವ್ರು ಕಂಡದ್ದು ಹೇಳಬಾರದು ಅಂತ ತಿಳಕೊಂಡಿದ್ದೆ ರೀ."

"ಅಷ್ಟೇನಾ?"

ಮಸೂದ ಚಾದರದ ಕಡೆ ನೋಡಿದ. "ಅಷ್ಟಽ ಅಲ್ರಿ. ನೌಕರಿ ಹೋಗ್ತದಂತ ಅಂಜಿದ್ದೆ. ಅದನ್ನೂ ಬರಕೋರಿ." ಆಮೇಲೆ ಹೇಳಿದ. "ಬೇಕಂದ್ರ ಗೋರಿನೂ ತೆಗೀರಿ. ಮಣ್ಣು ನಾನಽ ತೆಗೀತೇನಿ. ಇನ್ನ ಮುಚ್ಚಿಡೂದು ನನ್ನ ಕೈಲೆ ಆಗಂಗಿಲ್ಲ."

ಬಾಗಿಲಲ್ಲಿ ಶಾಹಿದನ ನೆರಳು ಇರಲಿಲ್ಲ. ಅವನು ಹೋದದ್ದನ್ನು ಯಾರೂ ನೋಡಲಿಲ್ಲ. ಅವನ ಜಾಗದಲ್ಲಿ ಫಯಾಜಸಾಬರು ಕೋಲೂರಿ ನಿಂತಿದ್ದರು. "ನನ್ನ ಹೇಳಿಕಿನೂ ಅದ ರೀ" ಎಂದರು.

"ಇನ್ನೇನರ ನೋಡಿದ್ದು ಉಳಿದದೇನು?" ಎಂದು ಶಂಕರಲಿಂಗ ಮಸೂದನನ್ನು ಕೇಳಿದರು.

"ಮುಷ್ಟಿ ಕಟ್ಟಿದ್ವು ರೀ. ಬಿಚ್ಚಿ ತೊಳದೆ. ಒಳಗ ಕಲ್ಲಿನ ಹುಡಿ ಇತ್ತು."

ಮಾತು ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಎಣಿಸಿದರು. ಶಂಕರಲಿಂಗ ಪೆನ್ನಿನ ಮುಚ್ಚಳ ಹಾಕಿದರು. ಆಗ ಚಾದರದ ಆಚೆಯಿಂದ ನಜಮುನ್ನಿಸಾಳ ದನಿ ಬಂತು. ಅವಳು ಅಳುತ್ತಿರಲಿಲ್ಲ.

"ಮಸೂದ ಭಾಯಿ, ಹುಡಿ ಒಂದು ಕೈಯಾಗಿತ್ತೋ, ಎರಡೂ ಕೈಯಾಗಿತ್ತೋ?"

"ಎರಡೂ ಕೈಯಾಗ, ಭಾಭಿ."

ಫರಹೀನ ಚಾದರ ಸರಿಸಿ ಅಮ್ಮನ ಹತ್ತಿರ ಹೋದಳು.

"ಹಂಗಾರ ಅವ್ರು ಕಲ್ಲ ಬಿಡ್ಲೇ ಇಲ್ಲ" ಎಂದಳು ನಜಮುನ್ನಿಸಾ. "ದಿನಾ ಹೇಳ್ತಿದ್ದೆ, ಬಿಟ್ಟು ಓಡ್ರಿ ಅಂತ. ಓಡ್ತೇನಿ ಅಂತಿದ್ರು." ಮತ್ತೆ ಅವಳ ದನಿ ಗಟ್ಟಿಯಾಯಿತು. "ಸಾಹೇಬ್ರ, ತಪ್ಪು ಅವ್ರದು ಅಂತ ಆ ಕಾಗದದಾಗ ಬರದಾರಲ್ರಿ. ನೀವು ನಿಮ್ಮ ಕಾಗದದಾಗ ಇದನ್ನ ಬರೀರಿ. ಎರಡೂ ಕೈಯಾಗ ಕಲ್ಲು ಹಿಡಿದಿದ್ರು ಅಂತ ಬರೀರಿ."

ಶಂಕರಲಿಂಗ ಪೆನ್ನಿನ ಮುಚ್ಚಳ ಮತ್ತೆ ತೆಗೆದರು.