ಅದಲುಬದಲಾದ ಎರಡು ಸಾಲು

ಮಧ್ಯಾಹ್ನ ಮೈದುನ ಕೋಳಿಮರಿ ಮಾಡಿಸುವ ಕೇಂದ್ರದಿಂದ ಫೋನ್ ಮಾಡಿದ. ಅಲ್ಲಿ ಮೊಟ್ಟೆಗೆ ಕಾವು ಕೊಡುವ ಎರಡು ಕೋಣೆಗಳನ್ನು ನೋಡಿಕೊಳ್ಳುವವನು ಅವನು. ಅವುಗಳ ಬಿಸಿ ಅಳೆದು ಗಾಳಿಯಲ್ಲೇ ಕಂಪ್ಯೂಟರ್ ಪರದೆಗೆ ಸುದ್ದಿ ಕಳಿಸುವ ಸೆನ್ಸರುಗಳು ನನ್ನ ಪಾಲಿನ ಕೆಲಸ.

“ಅತ್ತಿಗೆ, ಎಡಗಡೆ ಬಾಗಿಲು ಮುಟ್ಟಿದ್ರೆ ಸುಡ್ತಿದೆ. ಪರದೆ ನೋಡಿದ್ರೆ ಬಲಗಡೆ ಬಿಸಿ ಅಂತಿದೆ.”

“ನಿನ್ನ ಕೈ ಯಾವತ್ತಿಂದ ಥರ್ಮಾಮೀಟರ್ ಆಯ್ತಪ್ಪ? ಪರದೆ ಹೇಳಿದಷ್ಟು ಮಾಡು.”

“ಆಯ್ತು ಬಿಡಿ, ಓದ್ಕೊಂಡೋರು ನೀವು,” ಎಂದು ನಕ್ಕು, ಬಲಗಡೆಯ ಹೀಟರ್ ಆರಿಸಿದ. ಸಂಜೆಯೊಳಗೆ ಬಲಗಡೆಯ ಮೊಟ್ಟೆಗಳು ತಣ್ಣಗಾಗಿ ಕೆಟ್ಟವು, ಎಡಗಡೆಯವು ಬೆಂದುಹೋದವು.

ಅವನನ್ನು ಕೆಲಸದಿಂದ ತೆಗೆಯುತ್ತಾರೆಂದು ಕೇಳಿ ಮರುದಿನ ಬೆಳಿಗ್ಗೆಯೇ ಓಡಿದೆ. ಕೇಂದ್ರದ ಯಜಮಾನರು ಇನ್ನೂ ಬಂದಿರಲಿಲ್ಲ. ಸೆನ್ಸರುಗಳ ಸುದ್ದಿ ಹಿಡಿದು ಪರದೆಗೆ ಕೊಡುವ, ಗೋಡೆಯ ಮೇಲಿನ ಗೇಟ್‌ವೇ ಪೆಟ್ಟಿಗೆಯನ್ನು ಹಿಂದಿನ ದಿನವಷ್ಟೇ ಬದಲಾಯಿಸಿದವಳು ನಾನು. ಅದರ ಪಟ್ಟಿ ತೆರೆದೆ.

ನಮ್ಮ ಸೆನ್ಸರುಗಳು ಗುಂಡಿಯಂಥ ಬ್ಯಾಟರಿಯಲ್ಲಿ ವರ್ಷಗಟ್ಟಲೆ ಬಾಳಬೇಕು. ಬಿಸಿ ಎಷ್ಟೆಂದು ಹೇಳಲು ಎರಡು ಬೈಟು ಸಾಕು; ಅದರ ತಲೆಯ ಮೇಲಿನ ವಿಳಾಸದ ಹೊರೆಯೇ ನಲವತ್ತು ಬೈಟು. ಅಷ್ಟನ್ನೂ ಹೊರಿಸದೆ ಒಂದು ಚಿಕ್ಕ ಅಂಕಿ ಮಾತ್ರ ಕಳಿಸುತ್ತೇವೆ. ಯಾವ ಅಂಕಿ ಯಾವ ಕೋಣೆಯ ವಿಳಾಸ ಎಂಬುದನ್ನು ಗೇಟ್‌ವೇ ತನ್ನ ಪಟ್ಟಿ ನೋಡಿ ಬಿಡಿಸಿಕೊಳ್ಳುತ್ತದೆ. ಆ ಪಟ್ಟಿಯ ಎರಡು ಸಾಲುಗಳನ್ನು ನಾನು ಅದಲುಬದಲು ಮಾಡಿದ್ದೆ. ವಿಳಾಸ ಸರಿಯೇ ಎಂದು ತಾಳೆ ನೋಡುವ ಎರಡು ಬೈಟಿದ್ದಿದ್ದರೆ ತಪ್ಪು ಸುದ್ದಿ ಪರದೆಗೆ ಹೋಗದೆ ಅಲ್ಲೇ ತಿರಸ್ಕಾರವಾಗುತ್ತಿತ್ತು. ಉಳಿತಾಯವೆಂದು ಅದನ್ನೂ ತೆಗೆಸಿದ್ದೆ.

ಆ ಕಟ್ಟಡದಲ್ಲಿ ಪಟ್ಟಿ ಓದಬಲ್ಲವರು ಬೇರೆ ಯಾರೂ ಇರಲಿಲ್ಲ. ಸದ್ದಿಲ್ಲದೆ ಸರಿಪಡಿಸಿದೆ.

ಯಜಮಾನರು ಬಂದರು. ಮೈದುನ ತಲೆ ತಗ್ಗಿಸಿ, “ನಾನೇ ಸಾರ್ ಹೀಟರ್ ಆರಿಸಿದ್ದು,” ಎಂದ. ನನಗೆ ಫೋನ್ ಮಾಡಿದ ಮಾತು ಎತ್ತಲೇ ಇಲ್ಲ. ನಾನು ಮುಂದೆ ಬಂದೆ.

“ಅವನದಲ್ಲ ಸಾರ್, ತಪ್ಪು ನನ್ನದು. ಪಟ್ಟಿ ಅದಲುಬದಲಾಗಿತ್ತು. ಅವನು ಹೇಳಿದ್ರೂ ನಾನು ಕೇಳಲಿಲ್ಲ.”

ಅವರು ಪರದೆಯನ್ನು ನೋಡಿದರು. “ಎಲ್ಲ ಸರಿಯಾಗೇ ಇದೆಯಲ್ರೀ. ಮೈದುನ ಅಂತ ಮುಚ್ಚಾಕೋಕೆ ಬರ್ಬೇಡಿ.”

ನನ್ನ ತಪ್ಪಿನ ಸಾಕ್ಷಿಯನ್ನು ನಾನೇ ಅಳಿಸಿದ್ದೆ. ಅವರ ಕಣ್ಣೆದುರೇ ಮತ್ತೆ ಸಾಲುಗಳನ್ನು ತಿರುವುಮುರುವು ಮಾಡಿದೆ. ರಾತ್ರಿಯೇ ಹೀಟರ್ ಆರಿಸಿದ್ದರಿಂದ ತಣ್ಣಗಾಗಿದ್ದ ಎಡಗಡೆಯ ಕೋಣೆಗೆ ಹೋಗಿ, ಕೈಯ ಬಿಸಿ ತಾಗಲೆಂದು ಅಲ್ಲಿಯ ಸೆನ್ಸರನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತೆ. ಬೆಂದ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು.

“ಬಲಗಡೆ ಏರ್ತಿದೆ,” ಹೊರಗಿನಿಂದ ಯಜಮಾನರ ದನಿ ಬಂತು. ಸ್ವಲ್ಪ ಹೊತ್ತು ಬಿಟ್ಟು, “ಇನ್ನೂ ಏರ್ತಿದೆ... ಏಯ್, ನೀನು ಕೆಲಸಕ್ಕೆ ಹೋಗಪ್ಪ.”

ಮೈದುನ ಬಾಗಿಲಿಗೆ ಬಂದ. “ಸಾಕು ಅತ್ತಿಗೆ, ಬಿಡಿ. ಅವರು ನೋಡಿದ್ರು.”

ಮುಷ್ಟಿ ಬಿಚ್ಚಲು ನನ್ನಿಂದಾಗಲಿಲ್ಲ.